ತಂಗಿ ವೆಲ್ಡಿಂಗ್ ನೋಡಿದಳೆಂದು ನಾನು ಹೇಳಿದ್ದು

...ಇಲ್ಲ, ಹಾಗಿರಲಿಕ್ಕಿಲ್ಲ. ತಂಗಿ ಶೆಡ್ಡಿನ ಬಾಗಿಲಲ್ಲಿ ನಿಂತು ವೆಲ್ಡಿಂಗ್ ಬೆಂಕಿ ನೋಡುತ್ತಿದ್ದ ಚಿತ್ರ ನನ್ನ ತಲೆಯಲ್ಲಿ ತೀರಾ ಸ್ಪಷ್ಟವಾಗಿದೆ. ಅದಕ್ಕೇ ನಾನು ಅದನ್ನು ನಂಬುವುದಿಲ್ಲ. ಅವಳ ಲಂಗದ ಹಳದಿ ಕೂಡ ಕಾಣುತ್ತದೆ. ಹಳದಿ ಲಂಗ ನಮ್ಮ ಮನೆಯಲ್ಲಿ ಇರಲೇ ಇಲ್ಲ ಎನ್ನುತ್ತಾಳೆ ಅಮ್ಮ. ಅಮ್ಮನನ್ನೂ ನಾನು ನಂಬುವುದಿಲ್ಲ.

ಎಪ್ಪತ್ತರ ದಶಕದ ಕೊನೆ, ಪೀಣ್ಯ. ನಮ್ಮ ರಾಗಿ ಹೊಲವನ್ನು ಸರ್ಕಾರದವರು ಕಾರ್ಖಾನೆಗಳಿಗೆಂದು ತೆಗೆದುಕೊಂಡು ಸೈಟು ಮಾಡಿ ಹಂಚಿದ್ದರು. ಉಳಿದದ್ದು ಮನೆ, ಹಿತ್ತಿಲು. ಹಿತ್ತಿಲ ಬೇಲಿಗೆ ಅಂಟಿಕೊಂಡೇ ವೆಲ್ಡಿಂಗ್ ಶೆಡ್ಡು ಎದ್ದಿತ್ತು. ಅಪ್ಪ ದಿನಾ ಬೆಳಿಗ್ಗೆ ಆ ಕಡೆ ಉಗುಳಿಯೇ ಮುಖ ತೊಳೆಯುತ್ತಿದ್ದ.

ತಂಗಿಗೆ ಏಳು ವರ್ಷ, ನನಗೆ ಹನ್ನೊಂದು. ಅವಳು ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಳ್ಳತೊಡಗಿದಳು. ಮೊರದಲ್ಲಿದ್ದ ಅಕ್ಕಿಯ ಕಲ್ಲು ಸರಿಯಾಗಿಯೇ ಆರಿಸುವಳು, ಪಕ್ಕದ ಚೊಂಬನ್ನು ಒದ್ದು ಉರುಳಿಸುವಳು. ಹಾಗಾಗಿ ಯಾರಿಗೂ ಕಣ್ಣಿನ ಮೇಲೆ ಅನುಮಾನ ಬರಲಿಲ್ಲ. "ಕೊಬ್ಬು ಜಾಸ್ತಿ ಆಗೈತೆ ಇವ್ಳಿಗೆ" ಎಂದು ಅಮ್ಮ ಬೆನ್ನಿಗೆ ಗುದ್ದುತ್ತಿದ್ದಳು. ಬೆಳಿಗ್ಗೆ ಎದ್ದು ತಲೆನೋವೆಂದು ಅತ್ತರೆ, ವಾಂತಿ ಮಾಡಿದರೆ, ಅದು ಸ್ಕೂಲು ತಪ್ಪಿಸುವ ನಾಟಕ.

ಬೋರ್ಡಿನ ಸಾಲುಗಳನ್ನು ಅರ್ಧಕ್ಕೇ ಬಿಡುತ್ತಾಳೆಂದು ಮೇಷ್ಟ್ರು ಹೇಳಿ ಕಳಿಸಿದ ದಿನ ಅಪ್ಪ ನನ್ನನ್ನು ಕರೆದ. "ಆ ಶೆಡ್ಡಿನ ಬೆಂಕಿ ನೋಡ್ತಿದ್ಲೇನ್ಲಾ ಇವ್ಳು?"

ಅವನಿಗೆ ಯಾವ ಉತ್ತರ ಬೇಕಿತ್ತೆಂದು ನನಗೆ ಗೊತ್ತಿತ್ತು. "ಊಂ, ದಿನಾ ನೋಡ್ತಾಳೆ" ಎಂದೆ. ಬೇಲಿ ಹತ್ತಿ ದಿನಾ ನೋಡುತ್ತಿದ್ದವನು ನಾನು.

ಅಪ್ಪ ಶೆಡ್ಡಿಗೆ ನುಗ್ಗಿದ. "ನಮ್ ಒಲದಾಗೆ ಶೆಡ್ ಆಕ್ಕಂಡು ನಮ್ ಮಗೀನ ಕಣ್ಣೇ ತೆಗೀತೀಯೇನ್ಲಾ?"

ವೆಲ್ಡರ್ ಕರಿಗಾಜಿನ ಹಲಗೆಯನ್ನು ಮುಖದಿಂದ ಇಳಿಸಲೂ ಇಲ್ಲ. "ಬಿಟ್ಕೊಟ್ಮೇಲೆ ಅದು ನಿಮ್ದೆಂಗೆ ಗೌಡ್ರೇ? ಮಗೂನ ಮನೇಲಿ ಕಟ್ಟಾಕ್ಕೊಳ್ಳಿ." ಅಪ್ಪ ತಿರುಗಿದಾಗ ಹಿಂದಿನಿಂದ ಕೂಗಿದ: "ಆಲೂಗಡ್ಡೆ ಕುಯ್ದು ಕಣ್ಮೇಲಿಡಿ, ಉರಿ ಎಳ್ಕೊಳ್ಳುತ್ತೆ. ನಾವೆಲ್ಲ ಅದನ್ನೇ ಮಾಡೋದು."

ಬೆಂಕಿ ಅವರದಾದರೆ ಮದ್ದು ಗೊತ್ತಿರುವುದೂ ಅವರಿಗೇ ಎಂದು ಅಪ್ಪ ನಂಬಿಬಿಟ್ಟ. ಮೂರು ತಿಂಗಳು, ಎರಡೇ ಇರಬಹುದು, ತಂಗಿ ಕಣ್ಣ ಮೇಲೆ ಆಲೂಗಡ್ಡೆ ಬಿಲ್ಲೆ ಇಟ್ಟುಕೊಂಡು ಅಂಗಾತ ಮಲಗಿದಳು. "ನಾನು ನೋಡಿಲ್ಲ ಕಣಪ್ಪಾ" ಎಂದರೆ ಸುಳ್ಳಾಡಿದ್ದಕ್ಕೆ ಏಟು. ನಾನು ಅಲ್ಲೇ ಕೂತು ಮುದ್ದೆ ನುಂಗುತ್ತಿದ್ದೆ.

ಒಂದು ಬೆಳಿಗ್ಗೆ ಅವಳು ಗೋಡೆ ಹಿಡಿದು ನಡೆದಳು. ಆಗ ಬೆಂಗಳೂರಿನ ದೊಡ್ಡಾಸ್ಪತ್ರೆ. ಡಾಕ್ಟರು ಅವಳ ಕಿವಿಯ ಹಿಂದಿನಿಂದ ಬೆರಳು ಆಡಿಸುತ್ತಾ ಮುಂದಕ್ಕೆ ತಂದರು. "ಯಾವಾಗ ಕಾಣುತ್ತೆ ಹೇಳು ಪುಟ್ಟಾ." ಬೆರಳು ಮೂಗಿನ ಹತ್ತಿರ ಬರುವವರೆಗೂ ಅವಳು ಬಾಯಿ ಬಿಡಲಿಲ್ಲ. ತಲೆಯ ಎಕ್ಸ್‌ರೇ ಮತ್ತು ಇನ್ನೇನೇನೋ ಪರೀಕ್ಷೆಗಳಾದವು. ಮಿದುಳಿನ ಬುಡದಲ್ಲಿ ಗಡ್ಡೆ ಬೆಳೆದು ಕಣ್ಣಿನ ನರಗಳನ್ನು ಒತ್ತುತ್ತಿದೆ, ಅದಕ್ಕೇ ಅಕ್ಕಪಕ್ಕದ್ದು ಕಾಣುತ್ತಿಲ್ಲ ಎಂದರು.

"ವೆಲ್ಡಿಂಗ್ ನೋಡಿ ಇಂಗಾಯ್ತು ಸಾರ್" ಎಂದ ಅಪ್ಪ.

"ಯಾರ್ರೀ ಹೇಳಿದ್ದು? ಆ ಉರಿ ಎರಡು ದಿನಕ್ಕೆ ಹೋಗುತ್ತೆ. ಇಷ್ಟು ದಿನ ಏನ್ ಮಾಡ್ತಿದ್ರಿ?"

ಅಪ್ಪ ನನ್ನ ಕಡೆ ನೋಡಿದ. ನೋಡಿದನೆಂದು ನೆನಪು. ನಾನು ನೆಲ ನೋಡುತ್ತಿದ್ದೆನೆಂದೂ ನೆನಪು. ಎರಡರಲ್ಲಿ ಒಂದು ಸುಳ್ಳು.

ಆಪರೇಷನ್ ಆಯಿತು. ಎಡಗಣ್ಣು ಪೂರ್ತಿ ಹೋಯಿತು, ಬಲಗಣ್ಣಲ್ಲಿ ಮೂಗಿನ ಕಡೆಯ ಅರ್ಧ ನೋಟ ಉಳಿಯಿತು. "ಜೀವ ಉಳೀತಲ್ಲ, ದ್ಯಾವ್ರು ದೊಡ್ಡೋನು" ಎಂದು ನೆಂಟರು ಕಾಫಿ ಕುಡಿದು ಹೋದರು. ಆ ಮಾತು ನೆನೆದರೆ ಈಗಲೂ ಮೈ ಉರಿಯುತ್ತದೆ. ಅಪ್ಪ ಸಾಯುವವರೆಗೂ ಶೆಡ್ಡನ್ನೇ ಬೈದ. ನಾನು ತಿದ್ದಲಿಲ್ಲ.

ತಂಗಿ ಕೇಳಿದ್ದು ಒಂದೇ ಸಲ, ಅವಳ ಮದುವೆಯ ಮಾತು ಮುರಿದ ವಾರ. "ಯಾಕೋ ಅಂಗಂದೆ ಅವತ್ತು?" ನಾನು ಗೊತ್ತಿಲ್ಲ ಎಂದೆ. "ಥೂ" ಎಂದು ಎದ್ದು ಹೋದಳು.

ಆ ತಿಂಗಳುಗಳು ಅವಳ ನೋಟವನ್ನು ಎಷ್ಟು ತಿಂದವು? ನಾನು ನಿಜ ಹೇಳಿದ್ದರೆ ಅಪ್ಪ ಬೇಗ ಆಸ್ಪತ್ರೆಗೆ ಹೋಗುತ್ತಿದ್ದನೇ? ಯಾವ ಡಾಕ್ಟರನ್ನೂ ನಾನು ಕೇಳಿಲ್ಲ. ನನಗೆ ಗೊತ್ತಿಲ್ಲ.