ಆಸ್ಪತ್ರೆಗಿಂತ ದೊಡ್ಡ ಬೆಂಚು

ನಗರ ಯೋಜನೆ ಕಚೇರಿಯಲ್ಲಿ ನಕ್ಷೆ ಬಿಡಿಸುವ ಆಕೆಯನ್ನು ಎಲ್ಲರೂ ಸ್ಕೇಲಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಆಕೆಯ ಗೆರೆ ಕೂದಲೆಳೆಯಷ್ಟೂ ಆಚೀಚೆ ಆದದ್ದಿಲ್ಲ. ಮನೆಯ ಗೋಡೆಯಲ್ಲಿ ಕ್ಯಾಲೆಂಡರ್ ಓರೆಯಾಗಿದ್ದರೆ ಗಂಟಲಲ್ಲಿ ಊಟ ಇಳಿಯುತ್ತಿರಲಿಲ್ಲ. "ಇವಳ ಕಣ್ಣಲ್ಲೇ ಗಾರೆಯವರ ರಸಮಟ್ಟ ಇದೆ" ಎಂದು ಗಂಡ ಛೇಡಿಸುತ್ತಿದ್ದ.

ಗುಡ್ಡದ ಮೇಲಿನ ಆಸ್ಪತ್ರೆಗೆ ಹೋಗುವ ಮೆಟ್ಟಿಲುದಾರಿಯನ್ನು ಅಗಲ ಮಾಡಬೇಕಿತ್ತು. ಎಷ್ಟು ಜನ ಹತ್ತುತ್ತಾರೆ ಎಂಬ ಲೆಕ್ಕ ಕಚೇರಿಯಲ್ಲಿತ್ತು; ಹೇಗೆ ಹತ್ತುತ್ತಾರೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ಭೂಗೋಳದ ಮೇಷ್ಟ್ರೊಬ್ಬರು ಕೆಳಗಿನ ಬೀದಿಯವರಿಗೆಲ್ಲ ಖಾಲಿ ಹಾಳೆ ಹಂಚಿ, "ನಿಮಗೆ ಆ ದಾರಿ ಹೇಗೆ ಕಾಣುತ್ತೋ ಹಾಗೆ ಬರೆದುಕೊಡಿ" ಎಂದರು. ಬಂದದ್ದನ್ನೆಲ್ಲ ಒಂದೇ ನಕ್ಷೆಗೆ ಇಳಿಸುವ ಕೆಲಸ ಸ್ಕೇಲಕ್ಕನದು.

ಜೀವಮಾನವೆಲ್ಲ ಬಟ್ಟೆ ಹೊಲಿದ ಹೊಲಿಗೆಯಜ್ಜಿಯ ಹಾಳೆ ನೋಡಿ ಆಕೆಗೆ ನಗು ತಡೆಯಲಾಗಲಿಲ್ಲ. ಅರ್ಧ ದಾರಿಯಲ್ಲಿದ್ದ ಕಲ್ಲುಬೆಂಚು ಆಸ್ಪತ್ರೆಗಿಂತ ದೊಡ್ಡದಾಗಿತ್ತು. ಇನ್ನೂ ಹತ್ತು ಮುದುಕರ ಹಾಳೆಯಲ್ಲೂ ಅದೇ ಕತೆ. ಪಾಪ, ಅಳತೆ ಗೊತ್ತಿಲ್ಲ ಎಂದುಕೊಂಡು ಸ್ಕೇಲಕ್ಕ ಎಲ್ಲವನ್ನೂ ತಿದ್ದಿದಳು. ಬೆಂಚು ಒಂದು ಚುಕ್ಕೆಯಾಯಿತು. ಹಿಡಿದು ಹತ್ತುವ ಕಂಬಿ ಹಾಕಲು ಅಡ್ಡ ಬರುತ್ತದೆಂದು ಇಂಜಿನಿಯರು ಆ ಚುಕ್ಕೆಯನ್ನು ಕೀಳಿಸಿಯೇಬಿಟ್ಟರು.

ಮೂರು ತಿಂಗಳಾದ ಮೇಲೆ ಮೇಷ್ಟ್ರು ಬಂದು, ಆ ಬೀದಿಯ ಮುದುಕರು ಆಸ್ಪತ್ರೆಗೆ ಬರುವುದನ್ನೇ ಬಿಟ್ಟಿದ್ದಾರೆ ಎಂದರು. ಸ್ಕೇಲಕ್ಕ ಮುದುಕರ ಹಾಳೆಗಳನ್ನು ಮತ್ತೆ ತೆಗೆದು ನೋಡಿದಳು. ಸಂಜೆ ನೇರ ಹೊಲಿಗೆಯಜ್ಜಿಯ ಮನೆಗೆ ಹೋದಳು. ಅಜ್ಜಿ ಊದಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದಳು.

"ಬೆಂಚಿಲ್ಲದೆ ಒಂದೇ ಉಸಿರಿಗೆ ಹತ್ತೋಕಾಗಲ್ಲ ಮಗಳೇ. ಬರೆದು ಕೊಟ್ಟಿದ್ದೆನಲ್ಲ, ಇಂಜಿನಿಯರು ನೋಡಲೇ ಇಲ್ವಾ?"

"ಅವರ ಕೈಗೆ ಹೋಗೋ ಮುಂಚೆ ನಾನೇ ಚಿಕ್ಕದು ಮಾಡಿಬಿಟ್ಟೆ ಅಜ್ಜಿ."

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಸ್ಕೇಲಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ಹನ್ನೊಂದು ಹಾಳೆಗಳನ್ನೂ ಇಂಜಿನಿಯರ ಮೇಜಿನ ಮೇಲೆ ಹರಡಿ, "ತಪ್ಪು ನನ್ನದು ಸಾರ್, ಇವರು ಬರೆದದ್ದೇ ಸರಿ" ಎಂದಳು. ಇಪ್ಪತ್ತೆರಡು ವರ್ಷದಲ್ಲಿ ಆ ಬಾಯಿಂದ ಆ ಮಾತು ಕೇಳದಿದ್ದ ಇಂಜಿನಿಯರು ಹಾಳೆಗಳನ್ನು ಎರಡೆರಡು ಸಲ ತಿರುವಿ ನೋಡಿದರು. ಅದೇ ವಾರ ಬೆಂಚು ವಾಪಸು ಬಂತು.

ಅಜ್ಜಿ ಸ್ಕೇಲಕ್ಕನ ಜೊತೆ ಅರ್ಧ ದಾರಿ ಹತ್ತಿ, ಕೂತು, ಉಸಿರು ತಿರುಗಿದ ಮೇಲೆ ಕಲ್ಲನ್ನು ಸವರಿದಳು. "ಮೊದಲಿನಷ್ಟು ದೊಡ್ಡದಿಲ್ಲ ಕಣೇ."

ಅದೇ ಕಲ್ಲು, ಅದೇ ಅಳತೆ. ಟೇಪು ಸ್ಕೇಲಕ್ಕನ ಚೀಲದಲ್ಲೇ ಇತ್ತು. ಆಕೆ ಅದನ್ನು ಪಕ್ಕಕ್ಕೆ ಸರಿಸಿ, ಅಡಿಯಲ್ಲಿದ್ದ ಖಾಲಿ ಹಾಳೆಯನ್ನೂ ಪೆನ್ಸಿಲನ್ನೂ ತೆಗೆದು ಅಜ್ಜಿಯ ಕೈಗಿಟ್ಟಳು.