ಹಬ್ಬಕ್ಕೆ ಮೊದಲೇ ಅರಳಿದ ಮಾಯ್ ಗಿಡ

ಲುವಾ ಆ ವರ್ಷ ತನ್ನ ಅಂಗಳದ ಮಾಯ್ ಗಿಡದ ಎಲೆಗಳನ್ನು ಬೇಗ ಕಿತ್ತುಬಿಟ್ಟಳು. ಕಾಲುವೆಯ ಎರಡೂ ದಡದವರು ಮೂಗಿನ ಮೇಲೆ ಬೆರಳಿಟ್ಟರು. ಯಾಕೆಂದರೆ ಎಲೆ ಕೀಳುವುದೇ ಅವಳ ಕಸುಬು. ವರ್ಷದ ಕೊನೆಯ ತಿಂಗಳು ಬಂತೆಂದರೆ ಸುತ್ತಲಿನ ಹೂತೋಟಗಳಿಂದ ಅವಳಿಗೆ ಕರೆ ಬರುತ್ತಿತ್ತು. ಒಂದೊಂದೇ ಎಲೆಯನ್ನು ಹಿಂದಕ್ಕೆಳೆದು, ಮೊಗ್ಗಿನ ಬುಡಕ್ಕೆ ಗಾಯವಾಗದಂತೆ, ಗಿಡವನ್ನು ಪೂರ್ತಿ ಬೋಳು ಮಾಡಬೇಕು. ಬೋಳಾದ ಗಿಡ ಎರಡು ವಾರದಲ್ಲಿ ಮೈತುಂಬ ಹಳದಿ ಹೂ ಹೊರುತ್ತದೆ. ಆ ಹೂ ತೆತ್ ಹಬ್ಬದ ಬೆಳಗ್ಗೆ, ಹೊಸ ವರ್ಷದ ಮೊದಲ ದಿನವೇ ಅರಳಬೇಕು. ಮೊದಲೇ ಅರಳಿ ಉದುರಿದರೆ ಆ ಮನೆಯ ವರ್ಷವೇ ಉದುರಿತೆಂದು ನಂಬಿಕೆ.

"ಏನೇ ಲುವಾ, ಪಂಚಾಂಗ ತಲೆಕೆಳಗೆ ಹಿಡ್ಕೊಂಡು ನೋಡಿದ್ಯಾ?" ಬೇಲಿಯಾಚೆಯಿಂದ ಐದನೇ ಚಿಕ್ಕಮ್ಮ ಕೂಗಿದಳು. ಮನೆಯಲ್ಲಿ ಎಷ್ಟನೆಯವರಾಗಿ ಹುಟ್ಟಿದರೋ ಆ ಎಣಿಕೆಯಿಂದಲೇ ಕರೆಯುವ ಊರು ಅದು. ಅವಳ ಹೆಸರು ಏನೆಂದು ಅವಳೇ ಮರೆತಿರಬೇಕು.

"ಮಿಟ್‌ಳ ಅಪ್ಪ ಒಲೆ ದೇವರನ್ನ ಸ್ವರ್ಗಕ್ಕೆ ಕಳಿಸೋ ದಿನಕ್ಕೆ ಬರ್ತಾರೆ ಚಿಕ್ಕಮ್ಮ. ಹಬ್ಬಕ್ಕೆ ಮೊದಲೇ ವಾಪಸ್ ಹೋಗ್ಬೇಕಂತೆ. ಇರೋವಾಗಲೇ ಹೂ ನೋಡ್ಲಿ ಅಂತ."

"ಗಂಡಂಗೋಸ್ಕರ ತೆತ್ ಹಬ್ಬಾನೇ ಹಿಂದಕ್ಕೆ ಎಳೆದೋಳನ್ನ ಇವತ್ತೇ ನೋಡಿದ್ದು! ಚಂದ್ರಂಗೂ ಹೇಳಿ ಕಳಿಸು, ಬೇಗ ಕರಗಿ ಅಮಾಸೆ ಮಾಡಪ್ಪಾ ಅಂತ."

ಗಂಡ ಸಾಂಗ್ ಎರಡು ವರ್ಷದಿಂದ ಉತ್ತರದ ಬಂದರು ನಗರದಲ್ಲಿ ಕ್ರೇನ್ ನಡೆಸುತ್ತಿದ್ದ. ಈಗ ಕಂಪನಿಯವರು ಸಂಸಾರಸ್ಥರಿಗೆ ಒಂದು ಕೋಣೆ ಕೊಡುತ್ತಿದ್ದರು, ನಾಲ್ಕನೇ ಮಹಡಿಯಲ್ಲಿ. ಹಬ್ಬದ ರಜೆ ಮುಗಿಯುವುದರೊಳಗೆ ಹೂಂ ಎನ್ನಬೇಕು, ಇಲ್ಲವಾದರೆ ಅದು ಬೇರೆಯವರ ಪಾಲು. ಬಂದು ಕೂತು ಮಾತಾಡೋಣ ಎಂದಿದ್ದ.

ಲುವಾ ಎಲೆ ಕೀಳುತ್ತಲೇ ತೂಗಿ ನೋಡುತ್ತಿದ್ದಳು. ಅಲ್ಲಿ ಶಿಶುವಿಹಾರ ಕಟ್ಟಡದ ಕೆಳಗೇ ಇದೆ. ಇಲ್ಲಿ ದೋಣಿಯಲ್ಲಿ ಕಾಲುವೆ ದಾಟಬೇಕು. ಮಗಳು ಮಿಟ್‌ಗೆ ಉಬ್ಬಸ ಬಂದರೆ ಅಲ್ಲಿ ಆಸ್ಪತ್ರೆ ಹತ್ತಿರ. ಆದರೆ ಉಬ್ಬಸ ಬರಿಸುವಂಥ ಚಳಿ ಇರುವುದೂ ಅಲ್ಲೇ ಅಲ್ಲವೇ? ಚಳಿಗಾಲ ಕಳೆಯುವಾಗ ಗೋಡೆಗಳು ಬೆವರುತ್ತವಂತೆ, ಒಗೆದ ಬಟ್ಟೆ ವಾರಗಟ್ಟಲೆ ಒಣಗುವುದಿಲ್ಲವಂತೆ. ಸಾರಿಗೆ ಸಕ್ಕರೆ ಹಾಕುತ್ತೀರಲ್ಲ ಎಂದು ಅಲ್ಲಿಯವರು ನಗುತ್ತಾರಂತೆ, ಬಾಯಿ ತೆರೆದರೆ ದಕ್ಷಿಣದ ಮಾತಿನ ಧಾಟಿಗೆ ಇನ್ನೊಮ್ಮೆ ನಗುತ್ತಾರಂತೆ. ಸಾಂಗ್ ಪಾಳಿಗೆ ಹೋದರೆ ಕೋಣೆಯಲ್ಲಿ ಅವಳು ಮತ್ತು ಮಗು. ಇಲ್ಲಿಯೂ ಅಷ್ಟೇ, ಅವಳು ಮತ್ತು ಮಗು. ಒಂಟಿತನವನ್ನು ತಕ್ಕಡಿಯ ಯಾವ ತಟ್ಟೆಗೆ ಹಾಕಬೇಕೆಂಬುದೇ ಅವಳಿಗೆ ತಿಳಿಯಲಿಲ್ಲ.

ಹಬ್ಬಕ್ಕೆ ಒಂದು ವಾರವಿರುವಾಗ, ಒಲೆ ದೇವರನ್ನು ಕಳಿಸುವ ದಿನ, ಗಿಡ ಕೊಟ್ಟ ಮಾತು ಉಳಿಸಿಕೊಂಡಿತು. ಅಂಗಳ ಹಳದಿಯೋ ಹಳದಿ. ಮಧ್ಯಾಹ್ನ ಸಾಂಗ್‌ನ ವಿಡಿಯೊ ಕರೆ ಬಂತು.

"ಇಲ್ಲಿ ಮಂಜು ಮುಸುಕಿತ್ತು ಕಣೇ. ಹಡಗೆಲ್ಲ ಹೊರಗೇ ನಿಂತಿದ್ವು, ಈಗ ಒಟ್ಟಿಗೆ ಒಳಗೆ ಬರ್ತಿವೆ. ರಜಾ ಕೊಡಲ್ಲ ಅಂತಾರೆ."

ಅವಳು "ಸರಿ ಬಿಡಿ" ಎನ್ನುವಷ್ಟರಲ್ಲಿ ನಾಲ್ಕು ವರ್ಷದ ಮಿಟ್ ಫೋನ್ ಕಿತ್ತುಕೊಂಡು ಗಿಡದ ಕಡೆ ತಿರುಗಿಸಿದಳು. "ಅಪ್ಪಾ, ನೋಡು!"

ಸಾಂಗ್ ಪರದೆಗೆ ಮುಖ ಹತ್ತಿರ ತಂದ. "ಇಷ್ಟು ಬೇಗ?"

"ಈ ಸಲ ಬಿಸಿಲು ಜಾಸ್ತಿ" ಎಂದಳು ಲುವಾ.

ಅವನೂ ಅದೇ ಕಾಲುವೆಯಲ್ಲಿ ಈಜಿ ಬೆಳೆದವನು. ಬಿಸಿಲಿಗೆ ಅರಳಿದ ಗಿಡ ಯಾವುದು, ಬೆರಳಿಗೆ ಅರಳಿದ ಗಿಡ ಯಾವುದು ಎಂದು ಅವನಿಗೆ ಹೇಳಿಕೊಡಬೇಕಿರಲಿಲ್ಲ. ಮೆಲ್ಲಗೆ ಅಂದ: "ಇಲ್ಲೂ ಊರಾಚೆ ತೋಟಗಳಿವೆ. ಇವರದ್ದು ಪೀಚ್ ಹೂ, ಗುಲಾಬಿ ಬಣ್ಣ. ಹೆಂಗಸರು ಎಲೆ ಕೀಳ್ತಾರೆ. ಚಳಿಯಲ್ವಾ, ಎರಡು ತಿಂಗಳು ಮೊದಲೇ ಶುರು ಮಾಡ್ತಾರೆ."

"ಹಿಂದಕ್ಕೆ ಎಳೆದು ಕೀಳ್ತಾರಾ, ಮುಂದಕ್ಕಾ?"

"ಅದನ್ನೆಲ್ಲ ನಾನು ನೋಡಿಲ್ಲ. ನೀನೇ ಬಂದು ನೋಡು."

ತೆತ್ ಬೆಳಗ್ಗೆ ಎಲ್ಲರ ಅಂಗಳದಲ್ಲೂ ಹಳದಿ. ಲುವಾಳ ಗಿಡದಲ್ಲಿ ಮಾತ್ರ ಎಳೆಯ ಚಿಗುರು. ಹೊಸ ವರ್ಷದಲ್ಲಿ ಮೊದಲು ಮನೆ ಮೆಟ್ಟಿಲು ಹತ್ತಿದವರ ಅದೃಷ್ಟ ವರ್ಷವಿಡೀ ಆ ಮನೆಯಲ್ಲಿ ಉಳಿಯುತ್ತದೆ; ಆದರೆ ಹೂ ಉದುರಿದ ಮನೆಯ ಮೆಟ್ಟಿಲು ಹತ್ತಲು ಯಾರಿಗೆ ಮನಸ್ಸು? ಬಾಳೆಲೆಯ ಕಡುಬು ಹೋಳು ಮಾಡಿಟ್ಟು, ಎಳನೀರಲ್ಲಿ ಬೇಯಿಸಿದ ಹಂದಿಮಾಂಸ ಮುಚ್ಚಿಟ್ಟು, ಮಿಟ್‌ಗೆ ಕೆಂಪು ಅಂಗಿ ತೊಡಿಸಿ ಕಾದಳು. ದೋಣಿಗಳು ನಗುವಿನ ಸಮೇತ ಹಾದುಹೋದವು. ಒಂದೂ ಅವಳ ಮನೆಯ ಕಟ್ಟೆಗೆ ತಾಗಲಿಲ್ಲ. ಮಿಟ್ ಬಾಗಿಲ ಬಳಿ ಕೂತು ಕೂತು ತೂಕಡಿಸಿದಳು.

ಹೊತ್ತು ನೆತ್ತಿಗೇರಿದಾಗ ಬೇಲಿ ಸರಿಯಿತು. ಐದನೇ ಚಿಕ್ಕಮ್ಮ ಚಪ್ಪಲಿ ಬಿಟ್ಟು ಧಡಧಡನೆ ಮೆಟ್ಟಿಲು ಹತ್ತಿದಳು.

"ನಾನು ವಿಧವೆ, ಹಬ್ಬದ ದಿನ ಯಾರೂ ನನ್ನ ಮೊದಲು ಕರೆಯಲ್ಲ. ನಿಂದು ಹೂವಿಲ್ಲದ ಗಿಡ, ನಿನ್ನ ಮನೆಗೆ ಯಾರೂ ಮೊದಲು ಬರಲ್ಲ. ಜೋಡಿ ಸರಿಹೋಯ್ತು ನೋಡು! ತಾ, ಕಡುಬು ತಾ. ಉಪ್ಪು ಹಾಕಿದ್ಯೋ, ಅದನ್ನೂ ಮೊದಲೇ ಮುಗಿಸಿಬಿಟ್ಯೋ?"

ಲುವಾ ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡು ಬಡಿಸಿದಳು. ತಕ್ಕಡಿಯಲ್ಲಿ ಇಡದೆ ಮರೆತಿದ್ದ ಕಲ್ಲು ಇದೇ ಎಂದು ಅವಳಿಗೆ ಆಗ ಹೊಳೆಯಿತು. ಹೀಗೆ ಬೈಯುವವರು ಆ ನಾಲ್ಕನೇ ಮಹಡಿಯಲ್ಲಿ ಸಿಗುವುದಿಲ್ಲ.

"ಹೋಗ್ತೀಯಾ?" ಚಿಕ್ಕಮ್ಮ ತಟ್ಟೆಯಿಂದ ತಲೆ ಎತ್ತದೆ ಕೇಳಿದಳು.

"ಹೋಗ್ದಿದ್ರೆ ಪ್ರತಿ ವರ್ಷ ಹೀಗೇ ಅವರ ರಜಾ ನೋಡ್ಕೊಂಡು ಎಲೆ ಕೀಳ್ತೀನಿ ಚಿಕ್ಕಮ್ಮ. ಅತ್ತ ಅಲ್ಲೂ ಇರಲ್ಲ, ಇತ್ತ ಇಲ್ಲಿನ ಹಬ್ಬಾನೂ ಇಲ್ಲ."

ಚಿಕ್ಕಮ್ಮ ಬಹಳ ಹೊತ್ತು ಅಗಿದಳು. "ಗಿಡದ ಎಲೆ ನಾನು ಕೀಳ್ತೀನಿ ಬಿಡು. ಆದ್ರೆ ತೆತ್ ಲೆಕ್ಕಕ್ಕೆ. ನಿನ್ನ ಗಂಡನ ಲೆಕ್ಕಕ್ಕಲ್ಲ."

ಅವಳು ಬೇಲಿ ದಾಟಿ ಹೋದ ಮೇಲೆ ಲುವಾ ಫೋನ್ ಎತ್ತಿಕೊಂಡು ಗಂಡನಿಗೆ "ಕೋಣೆ ನಮಗೇ ಅಂತ ಹೇಳಿ" ಎಂದಳು. ಆಮೇಲೆ ಪೆಟ್ಟಿಗೆ ತೆರೆದು ಮಿಟ್‌ಳ ಉಣ್ಣೆ ಬಟ್ಟೆ ಎಷ್ಟು ಗಿಡ್ಡವಾಗಿದೆಯೆಂದು ಎತ್ತಿ ಹಿಡಿದು ನೋಡಿದಳು.

"ಅಮ್ಮಾ, ಆ ಮನೇಲಿ ಹಬ್ಬದ ದಿನ ಮೊದಲು ಯಾರು ಬರ್ತಾರೆ?" ಮಿಟ್ ಕೇಳಿದಳು.

ಆ ನಗರದಲ್ಲಿ ತನಗೆ ಗೊತ್ತಿರುವವರನ್ನು ಲುವಾ ಮನಸ್ಸಿನಲ್ಲೇ ಕರೆದು ನೋಡಿದಳು. ಒಬ್ಬನೇ ಓಗೊಟ್ಟ.

"ಅಪ್ಪ ಪಾಳಿ ಮುಗಿಸ್ಕೊಂಡು ಮೆಟ್ಟಿಲು ಹತ್ತಿ ಬರ್ತಾರಲ್ಲ ಪುಟ್ಟಾ, ಅವರೇ" ಎಂದಳು.