ಬೆಟ್ಟ ತೋರಿಸಿ ಕೇಳಿದ ಓಟು

ಮೊನ್ನೆ ಮತದಾರರ ಪಟ್ಟಿ ಬರೆಯುವವನು ಹನೂರಿನ ನಮ್ಮ ಮನೆಗೆ ಬಂದ. ಬಾಗಿಲಲ್ಲಿ ನಿಂತವಳು ನಾನು, ಅವನು ಕೇಳಿದ್ದು ಯಜಮಾನರ ಹೆಸರು. ಮೈಯೆಲ್ಲ ಉರಿದುಹೋಯ್ತು. “ಮೊದ್ಲು ನನ್ನೆಸ್ರು ಬರ್ಕೊಳಪ್ಪಾ” ಅಂದೆ. ಪಾಪ, ಕಣ್ಣು ಕಣ್ಣು ಬಿಟ್ಟ. ಅದು ಇಪ್ಪತ್ತು ವರ್ಷದ ಹಳೇ ಸಿಟ್ಟು ಅಂತ ಅವನಿಗೇನು ಗೊತ್ತು!

ಆಗ ನಾವಿದ್ದದ್ದು ಕೌದಳ್ಳಿಯಲ್ಲಿ. ಕೊಳ್ಳೇಗಾಲದ ಸೀಮೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿದ ಮೇಲೆ ಬಂದ ಮೊದಲ ಚುನಾವಣೆ. ನಾನು ಯಳಂದೂರಿನಿಂದ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಮಾವ ತೀರಿಹೋಗಿದ್ದರು. ಸಂವಿಧಾನ ಅಂತ ಒಂದು ಬಂದಿದೆ, ಅದರಲ್ಲಿ ಎಲ್ಲರಿಗೂ ಒಂದೊಂದೇ ಓಟು ಅಂತ ಮೇಷ್ಟ್ರು ಹೇಳಿದ್ದೇ ಹೇಳಿದ್ದು, ಅತ್ತೆ ಅದನ್ನೇ ಹಿಡಿದುಕೊಂಡರು. “ಗೌಡ್ರಿಗೂ ಒಂದೇಯಾ? ನಂಗೂ ಒಂದೇಯಾ?” ಅಂತ ದಿನಕ್ಕೆ ನಾಲ್ಕು ಸಲ ಕೇಳಿ ಹಿಗ್ಗುತ್ತಿದ್ದರು. ಓಟಿನ ದಿನ ತಲೆಗೆ ಎರೆದುಕೊಂಡು, ಪೆಟ್ಟಿಗೆಯಲ್ಲಿದ್ದ ಸೀರೆ ಉಟ್ಟು, ನನಗಿಂತ ಮುಂದೆ ನಡೆದರು.

ಮತಗಟ್ಟೆಯೊಳಗೆ ಕೂತಿದ್ದ ಆಫೀಸರನ ಪಟ್ಟಿಯಲ್ಲಿ ಅತ್ತೆ ಇದ್ದದ್ದು ಇಂಥವರ ಹೆಂಡತಿ ಅಂತ, ಅಷ್ಟೇ.

“ಗಂಡನ ಹೆಸರು ಹೇಳಮ್ಮ” ಅಂದ.

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಬಾಯಲ್ಲಿ ಆಡುವುದುಂಟೇ? ಅತ್ತೆ ಕಿಟಕಿಯಾಚೆ ಕೈ ತೋರಿಸಿ, “ಆ ಬೆಟ್ಟದ ಸ್ವಾಮಿ ಎಸ್ರೇ ಸಾ” ಅಂದರು.

“ಆ ಸ್ವಾಮಿ ಹೆಸರಿನವರು ಇದರಲ್ಲಿ ಇಪ್ಪತ್ತು ಜನ ಇದ್ದಾರೆ. ಪೂರ್ತಿ ಹೆಸರು ಬಾಯಿಬಿಟ್ಟು ಹೇಳು, ಇಲ್ಲ ಜಾಗ ಬಿಡು.”

ಸಾಲಿನಲ್ಲಿದ್ದವರು ಕಿಸಕ್ಕನೆ ನಕ್ಕರು. ಅತ್ತೆ ಸೆರಗು ಎಳೆದುಕೊಂಡು ವಾಪಸು ತಿರುಗಿದರು. ಎಲಾ ಇವನ, ಒಂದು ಓಟಿಗಾಗಿ ತಲೆಗೆ ಎರೆದುಕೊಂಡು ಬಂದ ಹೆಂಗಸನ್ನು ಹೀಗೆ ಅಟ್ಟುವುದೇ? ಮಾವನ ಹೆಸರನ್ನು ಸೊಸೆಯೂ ಹೇಳಬಾರದು. ಹಾಳಾಗಿ ಹೋಗಲಿ ಅಂತ, ಊರ ದೊಡ್ಡವರೆಲ್ಲ ಕೇಳುವ ಹಾಗೆ ಮಾವನ ಹೆಸರನ್ನು ಅವರಪ್ಪನ ಹೆಸರಿನ ಸಮೇತ ಕೂಗಿಬಿಟ್ಟೆ. “ಅಯ್ಯೋ ಶಿವನೇ” ಅಂದರು ಯಾರೋ. ಅತ್ತೆಯ ಬೆರಳಿಗೆ ಶಾಯಿ ಬಿತ್ತು.

ಬರುವ ದಾರಿಯಲ್ಲಿ ಅತ್ತೆ ನನಗಿಂತ ಹಿಂದೆ ಬಿದ್ದರು. “ತಪ್ಪಾಯ್ತು ಅತ್ತೆ, ಮಾವನ ಹೆಸರು ಹೇಳ್ಬಿಟ್ಟೆ” ಅಂದೆ.

“ಅದ್ಕಲ್ಲ ಕಣಮ್ಮಿ. ಸತ್ತೋರ್ ಎಸ್ರ ಅಷ್ಟ್ ಕೇಳುದ್ನಲ್ಲ, ಓಟು ನಂದಲ್ವಾ? ನನ್ನೆಸ್ರ ಒಬ್ರಾದ್ರೂ ಕೇಳುದ್ರಾ?”

ಆಫೀಸರನನ್ನು ಬಯ್ಯೋಣವೆಂದು ಬಾಯಿ ತೆರೆದೆ. ಎರಡು ವರ್ಷ ಒಂದೇ ಒಲೆಯಲ್ಲಿ ಬೇಯಿಸಿ ಉಂಡಿದ್ದೆವು. ಅವರ ಹೆಸರೇನೆಂದು ನಾನೂ ಕೇಳಿರಲಿಲ್ಲ.